ಬೆಡ್‌ಶೀಟಿನ ಆ ತುದಿ

ಬೆಡ್‌ಶೀಟು ಮಡಿಸುವುದೇನು ಮಹಾ ವಿದ್ಯೆ ಎಂದು ಮೂಗು ಮುರಿಯುವವರು, ಇಬ್ಬರು ಮಲಗುವ ಹಾಸಿಗೆಯದೊಂದನ್ನು ಒಬ್ಬರೇ ನಿಂತು ಮಡಿಸಿ ನೋಡಲಿ. ಒಂದು ಮೂಲೆಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ಗದ್ದಕ್ಕೆ ಸಿಕ್ಕಿಸಿಕೊಂಡು, ನೆಲದ ಧೂಳನ್ನೆಲ್ಲ ಗುಡಿಸಿ, ಕೊನೆಗೆ ಉಂಡೆ ಮಾಡಿ ಕಪಾಟಿಗೆ ತುರುಕುತ್ತಾರೆ. ಅದಕ್ಕೆ ಇಬ್ಬರು ಬೇಕು. ಬರೀ ಇಬ್ಬರಿದ್ದರೂ ಸಾಲದು, ಇಬ್ಬರ ಕೈಯೂ ಒಂದೇ ಗಳಿಗೆಗೆ ಎಳೆಯಬೇಕು.

ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅಂಥ ಇಬ್ಬರಿದ್ದರು, ಅತ್ತಿಗೆ ಮತ್ತು ನಾದಿನಿ. ಅತ್ತಿಗೆ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುವಷ್ಟು ಎತ್ತರ. ನಾದಿನಿಯ ಮುಖ ಇಸ್ತ್ರಿ ಮೇಜಿನ ಮೇಲೆ ಕಂಡರೆ ಅದೇ ಪುಣ್ಯ. ಹಾಗಾಗಿ ಒಬ್ಬಳು ಉದ್ದಕ್ಕ, ಇನ್ನೊಬ್ಬಳು ಗಿಡ್ಡಿ. ಅವರ ನಿಜವಾದ ಹೆಸರು ಹಾಜರಿ ಹಾಕುವ ಗುಮಾಸ್ತನಿಗೂ ಮರೆತುಹೋಗಿತ್ತು.

ಉದ್ದಕ್ಕ ಮದುವೆಯಾಗಿ ಬಂದಾಗ ಗಂಡ ಆ ಲಾಂಡ್ರಿಯ ವ್ಯಾನು ಓಡಿಸುತ್ತಿದ್ದ, ಅತ್ತೆ ಮಡಿಸುವ ಮೇಜಿನ ಹಿರಿಯಾಳು. ಅತ್ತೆಯ ಬಾಯಿ ಎಂಥದ್ದೆಂದರೆ, ಅವಳು ಒಳಗೆ ಬಂದರೆ ಒಗೆಯುವ ಮಿಷನ್ನು ಕೂಡ ಸದ್ದು ಕಡಿಮೆ ಮಾಡುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಸೊಸೆಗೆ ಕೆಲಸ ಕಲಿಸಿದವಳು ಅವಳೇ. ಇಸ್ತ್ರಿ ಮಾಡುವ ಬಿಸಿ ಉರುಳೆಯಿಂದ ಹೊರಬಂದ ಬೆಡ್‌ಶೀಟಿನ ಎರಡೆರಡು ಮೂಲೆ ಹಿಡಿದು ಎದುರುಬದುರು ನಿಲ್ಲಬೇಕು. ಒಬ್ಬಳು 'ಹಾ' ಎಂದಾಗ ಇಬ್ಬರೂ ಕೈ ಅಗಲಿಸಿ ಮೇಲೆತ್ತಬೇಕು. ಇನ್ನೊಬ್ಬಳು 'ಹೂಂ' ಎಂದಾಗ ಇಬ್ಬರೂ ಹಿಂದಕ್ಕೆ ವಾಲಿ ಜಗ್ಗಬೇಕು. ಬಟ್ಟೆ ಫಟ್ ಎನ್ನಬೇಕು. ಫಟ್ ಎನ್ನದಿದ್ದರೆ ಸುಕ್ಕು ಒಳಗೇ ಉಳಿದು, ಮಡಿಸಿಟ್ಟ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ.

ಅತ್ತೆಯ ಭುಜ ಬಿಗಿದುಕೊಂಡು ಅವಳು ಮನೆ ಹಿಡಿದ ಮೇಲೆ ಆ ಜಾಗಕ್ಕೆ ಗಿಡ್ಡಿ ಬಂದಳು. ಆ ಜೋಡಿಯನ್ನು ನೋಡಿ ಮೊದಮೊದಲು ಎಲ್ಲರೂ ನಕ್ಕರು. ಆದರೆ ಉದ್ದಕ್ಕ ಮಂಡಿ ತುಸು ಮಡಿಸಿ, ಗಿಡ್ಡಿ ಹಿಮ್ಮಡಿ ತುಸು ಎತ್ತಿ, ಇಬ್ಬರೂ ನಡುವೆ ಎಲ್ಲೋ ಒಂದು ಎತ್ತರಕ್ಕೆ ಒಪ್ಪಂದ ಮಾಡಿಕೊಂಡರು. ಅಲ್ಲಿಂದಾಚೆಗೆ ಮೇಜಿನ ಮೇಲೆ ಅತ್ತಿಗೆ ನಾದಿನಿಯರ ಹರಟೆ, ಜಗಳ, ಪಕ್ಕದ ಬೀದಿಯವರ ಸಂಸಾರದ ವಿಚಾರಣೆ ಎಲ್ಲ ನಡೆಯುತ್ತಿತ್ತು. ಕೈ ಮಾತ್ರ ತನ್ನಷ್ಟಕ್ಕೆ ಹಾ, ಹೂಂ, ಫಟ್. ಮನೆಯಲ್ಲಿ ಮಾತು ಬಿಟ್ಟ ದಿನಗಳಲ್ಲೂ ಇಬ್ಬರೂ ಮುಖ ಗಂಟು ಹಾಕಿಕೊಂಡೇ ಬಂದು 'ಹಾ' 'ಹೂಂ' ಎನ್ನುತ್ತಿದ್ದರು. ಮಧ್ಯಾಹ್ನದ ಟೀ ಹೊತ್ತಿಗೆ ಜಗಳ ಯಾಕೆ ಶುರುವಾಯಿತೆಂದು ಇಬ್ಬರಿಗೂ ನೆನಪಿರುತ್ತಿರಲಿಲ್ಲ.

ಹೀಗಿರುವಾಗ ಉದ್ದಕ್ಕನ ಎಡ ಎದೆಯಲ್ಲಿ ಗಂಟು ಕಾಣಿಸಿತು. ಡಾಕ್ಟರು ಕ್ಯಾನ್ಸರ್ ಎಂದರು. ಆಪರೇಷನ್ನಾಯಿತು, ಎದೆಯ ಜೊತೆಗೆ ಕಂಕುಳ ಗ್ರಂಥಿಗಳನ್ನೂ ತೆಗೆದರು. ಆಮೇಲೆ ಕೀಮೋ, ಆಮೇಲೆ ರೇಡಿಯೇಷನ್. ಕೂದಲು ಹೋಯಿತು, ನಾಲಗೆಯ ರುಚಿ ಹೋಯಿತು. ಅದೆಲ್ಲ ಹೋಗಲಿ ಎಂದರೆ, ಎಡಗೈ ಭುಜದ ಮಟ್ಟಕ್ಕೂ ಏಳದಾಯಿತು. ಚಿಕಿತ್ಸೆ ಮುಗಿಯಿತು, ಪರವಾಗಿಲ್ಲ ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದ ದಿನ ಮನೆಯವರೆಲ್ಲ ಅತ್ತು ನಕ್ಕು ಗದ್ದಲ ಮಾಡಿದರು. ಉದ್ದಕ್ಕನಿಗೆ ಮಾತ್ರ ನಗುವುದಕ್ಕೂ ತ್ರಾಣವಿರಲಿಲ್ಲ.

ಆಗ ಶುರುವಾಯಿತು ನೋಡಿ ಕುರ್ಚಿಯ ಕಾಟ! ಕಾಯಿಲೆಯವರಿಗೆ ನಮ್ಮ ಜನ ಕೊಡುವ ಮೊದಲ ಬಹುಮಾನ ಕುರ್ಚಿ. ಗಂಡ ಕಿಟಕಿಯ ಪಕ್ಕ ಒಂದು ಒರಗುಕುರ್ಚಿ ತಂದು ಹಾಕಿದ. ಗಿಡ್ಡಿ ಅದಕ್ಕೊಂದು ದಿಂಬು ಹೊಲಿದಳು. ಲೋಟ ಎತ್ತಿದರೆ "ಅಯ್ಯೋ, ನಾನು ತರ್ತೀನಿ ಬಿಡಿ ಅತ್ಗೆ!" ಎನ್ನುವುದು, ಎದ್ದು ನಿಂತರೆ "ಏನು ಬೇಕಿತ್ತು?" ಎನ್ನುವುದು. ಗಂಡ ಪಾಪದವನು, ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡ. ಆದರೆ ಅಂಗೈಯಲ್ಲಿಟ್ಟವರಿಗೆ ನಡೆಯಲು ಜಾಗವೆಲ್ಲಿ? ಕೂತಷ್ಟೂ ಆಯಾಸ ಹೆಚ್ಚಿತು. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಇನ್ನು ನಾನು ಇಷ್ಟೇ ಎಂದು ಉದ್ದಕ್ಕ ಒಳಗೊಳಗೇ ನಂಬಿಬಿಟ್ಟಳು.

ಅವಳನ್ನು ಪಾಪ ಎನ್ನದಿದ್ದವಳು ಅತ್ತೆಯೊಬ್ಬಳೇ. ಒಂದು ಬೆಳಿಗ್ಗೆ ಸೊಸೆಯ ಎದುರು ಬಾಚಣಿಗೆ ಹಿಡಿದು ಕೂತು ಹೇಳಿದಳು, "ನಮ್ಮನೇಲಿ ಈ ಬಾಚಣಿಗೆಗೆ ಕೆಲಸವೇ ಇಲ್ಲ ಕಣೆ. ನಿನಗೆ ಬಾಚೋಕೆ ಕೂದಲಿಲ್ಲ, ನನಗೆ ಬಾಚೋಕೆ ಕೈ ಏಳಲ್ಲ."

ಎಷ್ಟೋ ದಿನದ ಮೇಲೆ ಉದ್ದಕ್ಕ ಕಿಸಕ್ಕನೆ ನಕ್ಕಳು.

ಮುಂದಿನ ಸಲ ತಪಾಸಣೆಗೆ ಹೋದಾಗ ಡಾಕ್ಟರು ಅವಳನ್ನು ಫಿಸಿಯೋಥೆರಪಿ ಮಾಡುವವಳ ಹತ್ತಿರ ಕಳಿಸಿದರು. ಕಾಲಿಗೆ ಬೂಟು, ಕುತ್ತಿಗೆಗೊಂದು ಸೀಟಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗಿಂತ ಶಾಲೆಯ ಆಟದ ಟೀಚರಿನಂತಿದ್ದಳು. ಉದ್ದಕ್ಕ ಕೂರಲು ಜಾಗ ಹುಡುಕಿದಳು. ಆ ಕೋಣೆಯಲ್ಲಿ ಕುರ್ಚಿಯೇ ಇರಲಿಲ್ಲ.

"ಆಯಾಸ ಅಂತ ಮಲಗಿದ್ರೆ ಈ ಆಯಾಸ ಹೋಗಲ್ಲ ಅಕ್ಕಾ," ಎಂದಳು ಅವಳು. "ದಿನಾ ಸ್ವಲ್ಪ ನಡೀರಿ. ನಡೆದಷ್ಟೂ ನಿದ್ದೆ ಬರುತ್ತೆ, ಹಸಿವಾಗುತ್ತೆ, ಮನಸ್ಸೂ ಹಗುರಾಗುತ್ತೆ. ಹೆದರ್ಕೊಂಡು ಕೈ ಅಲ್ಲಾಡಿಸ್ದೆ ಇಟ್ರೆ ಭುಜ ಬಿಗಿದುಬಿಡುತ್ತೆ. ಏನು ಕೆಲಸ ಮಾಡ್ತಿದ್ರಿ?"

"ಬೆಡ್‌ಶೀಟು ಮಡಿಸ್ತಿದ್ದೆ."

"ಹೇಗೆ? ಮಾಡಿ ತೋರಿಸಿ."

ಉದ್ದಕ್ಕ ಗಾಳಿಯಲ್ಲಿ ಎರಡು ಮೂಲೆ ಹಿಡಿದು ಕೈ ಎತ್ತಲು ಹೋದಳು. ಬಲಗೈ ಮೇಲೆ ಹೋಯಿತು. ಎಡಗೈ ಅರ್ಧದಲ್ಲೇ ನಿಂತುಬಿಟ್ಟಿತು. ಗಿಡ್ಡಿಯ ಎದುರು ಇನ್ನೆಂದೂ ನಿಲ್ಲಲಾರೆ ಎನ್ನಿಸಿತು ಅವಳಿಗೆ. ಆಗಲೇ ಅವಳಿಗೆ ತನಗೇನು ಬೇಕೆಂಬುದೂ ಗೊತ್ತಾಯಿತು. ಜೀವ ಉಳಿದದ್ದೇ ದೊಡ್ಡದು ಎಂದು ಎಲ್ಲರೂ ಹೇಳುತ್ತಿದ್ದರು, ನಿಜವೇ. ಆದರೆ ಉಳಿದ ಜೀವಕ್ಕೆ ಬೆಡ್‌ಶೀಟಿನ ಆ ತುದಿ ಬೇಕಿತ್ತು.

"ನನಗೆ ಮೇಜಿಗೆ ವಾಪಸ್ ಹೋಗ್ಬೇಕು ಮೇಡಂ," ಎಂದಳು.

"ಹೋಗೋಣ. ಆದ್ರೆ ನಾನು ಹೇಳಿದ ಹಾಗೆ. ಕೈ ಊದ್ಕೊಂಡ್ರೆ, ಭಾರ ಅನ್ನಿಸಿದ್ರೆ, ಕೆಂಪಾದ್ರೆ ತಕ್ಷಣ ಬನ್ನಿ. ನಿಮ್ಮಷ್ಟಕ್ಕೆ ನೀವೇ ಡಾಕ್ಟರಾಗ್ಬೇಡಿ."

ಮೊದಲ ದಿನದ ನಡಿಗೆ ಬೀದಿಯ ಮೂಲೆಯ ಚಪ್ಪಲಿ ಅಂಗಡಿಯವರೆಗೆ. ಗಂಡ ಹಿಂದಿನಿಂದ ವ್ಯಾನಿನಲ್ಲಿ ಮೆಲ್ಲಗೆ ಬರುತ್ತಿದ್ದ, ಬಿದ್ದರೆ ಎತ್ತಿಕೊಳ್ಳಲು. "ರೀ, ಇದೇನು ಮೆರವಣಿಗೆನಾ? ಮೊದ್ಲು ಹೋಗ್ರೀ ಇಲ್ಲಿಂದ!" ಎಂದು ಅವಳು ಗದರಿದ ಮೇಲೆ ಕಾಲ್ಕಿತ್ತ. ಕೆಲವು ವಾರಗಳಲ್ಲಿ ಅವಳು ಚಪ್ಪಲಿ ಅಂಗಡಿ ದಾಟಿದಳು, ಗ್ರಂಥಾಲಯ ದಾಟಿದಳು, ಕೆರೆ ಸುತ್ತಿ ಬಂದು, ಹಸಿವಾಗುತ್ತಿದೆ ಎಂದು ತಾನೇ ಕೇಳಿ ಊಟ ಹಾಕಿಸಿಕೊಂಡಳು. ಆ ರಾತ್ರಿ ಗಂಡನಿಗೆ ಅವಳ ಗೊರಕೆ ಸಂಗೀತದಂತೆ ಕೇಳಿಸಿತಂತೆ. ಅದನ್ನು ಅವನು ಲಾಂಡ್ರಿಯಲ್ಲೆಲ್ಲ ಸಾರಿಕೊಂಡು ಬಂದು ಬೈಸಿಕೊಂಡ.

ಇನ್ನು ಗೋಡೆಯ ಕಥೆ. ಗೋಡೆಗೆ ಎದುರಾಗಿ ನಿಂತು ಎಡಗೈ ಬೆರಳುಗಳನ್ನು ಮೆಲ್ಲಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು, ಎಲ್ಲಿಯವರೆಗೆ ಹೋಯಿತೋ ಅಲ್ಲೊಂದು ಗುರುತು ಮಾಡಬೇಕು ಎಂದಿದ್ದಳು ಫಿಸಿಯೋ. ಬೇರೆ ಯಾರಾದರೂ ಆಗಿದ್ದರೆ ಪೆನ್ಸಿಲ್ ಹಿಡಿಯುತ್ತಿದ್ದರು. ಲಾಂಡ್ರಿಯವರ ಕೈಗೆ ಬೇರೆ ಯಾವುದು ಬಂದೀತು? ಯಾವ ಬೆಡ್‌ಶೀಟು ಯಾವ ಹೋಟೆಲಿನದೆಂದು ಮೂಲೆಯಲ್ಲಿ ಗುರುತು ಹಾಕುವ ನೀಲಿ ಶಾಯಿ ಮನೆಯಲ್ಲಿತ್ತು. ಕುದಿಸಿ ಒಗೆದರೂ ಹೋಗದ ಶಾಯಿ. ಉದ್ದಕ್ಕ ಅದನ್ನೇ ತೆಗೆದುಕೊಂಡು ನಡುಮನೆಯ ಬಿಳಿ ಗೋಡೆಯ ಮೇಲೆ ಗೀಟೆಳೆದಳು.

ಅತ್ತೆ ಮನೆ ಹಾರಿಹೋಗುವಂತೆ ಕೂಗಿದಳು. "ಇದು ಗೋಡೆನೋ ಹೋಟೆಲಿನ ಬೆಡ್‌ಶೀಟೋ? ಆ ಶಾಯಿ ಹೋಗಲ್ಲ ಅಂತ ಗೊತ್ತಿಲ್ವಾ ನಿನಗೆ?"

ಗಂಡ ಬಿಳಿ ಬಣ್ಣ ತಂದು ಬಳಿದ. ಬಣ್ಣ ಒಣಗಿದ ಮೇಲೆ ಗೀಟುಗಳೆಲ್ಲ ಒಳಗಿನಿಂದ ಮೆಲ್ಲಗೆ ಮತ್ತೆ ಮುಖ ತೋರಿಸಿದವು. ಇನ್ನೊಮ್ಮೆ ಬಳಿದ, ಇನ್ನೊಮ್ಮೆ ಬಂದವು. ಅಷ್ಟು ಹೊತ್ತಿಗೆ ಮೇಲೆ ಹೊಸ ಗೀಟುಗಳೂ ಸೇರಿದ್ದರಿಂದ ಅವನು ಕೈಚೆಲ್ಲಿದ.

ಎಲ್ಲ ದಿನವೂ ಗೀಟು ಮೇಲಕ್ಕೇ ಹೋಯಿತೆಂದಲ್ಲ. ಒಮ್ಮೆ ಹುಮ್ಮಸ್ಸಿನಲ್ಲಿ ತುಂಬಿದ ಬಕೆಟ್ಟು ಎತ್ತಿ, ಭುಜ ಹಿಡಿದುಕೊಂಡು, ಫಿಸಿಯೋಳಿಂದ ಚೆನ್ನಾಗಿ ಉಗಿಸಿಕೊಂಡಳು. ಕೆಲವು ದಿನ ಬೆರಳು ಕೆಳಗಿನ ಹಳೆಯ ಗೀಟನ್ನೂ ಮುಟ್ಟಲಿಲ್ಲ. ಅಂಥ ದಿನ ಅವಳಿಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಆದರೂ ಮಾರನೆಯ ದಿನ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಆಮೇಲೆ ಫಿಸಿಯೋ ಅವಳಿಗೊಂದು ರಬ್ಬರು ಪಟ್ಟಿ ಕೊಟ್ಟು, ಬಾಗಿಲ ಹಿಡಿಗೆ ಕಟ್ಟಿ ಎಳೆಯುವುದನ್ನು ಕಲಿಸಿದಳು. ಮೊದಲು ಸಡಿಲವಾದದ್ದು, ಬರಬರುತ್ತಾ ಬಿಗಿಯಾದದ್ದು.

ಒಂದು ಸಂಜೆ ನಡಿಗೆ ಮುಗಿಸಿ ಬಂದ ಉದ್ದಕ್ಕ ಗೋಡೆ ನೋಡಿ ಗಕ್ಕನೆ ನಿಂತಳು. ತನ್ನ ಗೀಟುಗಳ ಪಕ್ಕದಲ್ಲಿ, ಸಾಕಷ್ಟು ಕೆಳಗೆ, ಬೇರೆ ಯಾವುದೋ ಪುಟ್ಟ ಗೀಟುಗಳ ಸಾಲು ಹುಟ್ಟಿಕೊಂಡಿತ್ತು. ಅತ್ತೆ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

"ಅತ್ತೆ, ನಿಮ್ಮ ಬೆರಳಿಗೇನಾಯ್ತು?"

"ಏನಿಲ್ಲ. ಸೊಳ್ಳೆ ಹೊಡೆದೆ."

"ನೀಲಿ ರಕ್ತದ ಸೊಳ್ಳೆನಾ?"

"ಹೋಗೇ, ಸಾಕು!" ಎಂದು ಅತ್ತೆ ರೇಗಿದಳು. ಆಮೇಲೆ ತಡೆಯಲಾರದೆ ಅವಳೇ ಮೊದಲು ನಕ್ಕಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಮಾರನೆಯ ದಿನದಿಂದ ಅತ್ತೆ ಸೊಸೆ ಇಬ್ಬರೂ ಗೋಡೆಯ ಮುಂದೆ ಅಕ್ಕಪಕ್ಕ ನಿಂತು, ಶಿಕ್ಷೆಗೆ ಒಳಗಾದ ಶಾಲೆಯ ಹುಡುಗಿಯರಂತೆ ಕೈ ಹತ್ತಿಸತೊಡಗಿದರು. ಎಷ್ಟೋ ವರ್ಷಗಳ ಮೇಲೆ ಅತ್ತೆ ತನ್ನ ತಲೆ ತಾನೇ ಬಾಚಿಕೊಂಡ ದಿನ, ಯಾರೂ ಕೇಳದಿದ್ದರೂ ಬಾಗಿಲಲ್ಲಿ ನಿಂತು ಬೀದಿಗೆಲ್ಲ ತೋರಿಸಿದಳು.

ಅಂತೂ ಒಂದು ದಿನ ಉದ್ದಕ್ಕನ ಗೀಟು ಅವಳ ತಲೆಯನ್ನೂ ದಾಟಿ ಹೋಯಿತು. ಇನ್ನು ಕೆಲಸಕ್ಕೆ ಹೋಗಬಹುದು, ಮೊದಲು ಸ್ವಲ್ಪ ಹೊತ್ತು ಮಾಡಿ, ಆಮೇಲೆ ಹೆಚ್ಚಿಸಿಕೊಳ್ಳಿ ಎಂದು ಡಾಕ್ಟರೂ ಫಿಸಿಯೋನೂ ಒಪ್ಪಿದರು.

ಲಾಂಡ್ರಿಯಲ್ಲಿ ಎಲ್ಲರೂ ಕೆಲಸ ಬಿಟ್ಟು ಓಡಿಬಂದರು. ಗಿಡ್ಡಿಯಂತೂ ಅತ್ತಿಗೆಯನ್ನು ತಬ್ಬಿಕೊಳ್ಳಲು ಬಂದು, ನೋವಾದೀತೆಂದು ಹೆದರಿ, ಒಂದು ಗೇಣು ದೂರದಲ್ಲೇ ಗಾಳಿಯನ್ನು ತಬ್ಬಿಕೊಂಡಳು. ಮಾಲೀಕರು ಒಳ್ಳೆಯ ಮನುಷ್ಯ. ಕೌಂಟರಿನ ಹಿಂದೆ ಒಂದು ಕುರ್ಚಿ ಹಾಕಿಸಿಟ್ಟಿದ್ದರು. ಮತ್ತೆ ಕುರ್ಚಿ!

"ಇಲ್ಲಿ ಆರಾಮಾಗಿ ಕೂತ್ಕೊಳ್ಳಮ್ಮ. ಬಂದೋರಿಗೆ ಚೀಟಿ ಕೊಟ್ರೆ ಆಯ್ತು."

"ನನಗೆ ಮೇಜು ಬೇಕು ಸಾರ್."

ಮಾಲೀಕರು ತಲೆ ಕೆರೆದುಕೊಂಡರು. "ಕೆರೆ ಹತ್ರದ ದೊಡ್ಡ ಹೋಟೆಲಿನವರು ಹೊಸದಾಗಿ ಬಟ್ಟೆ ಕೊಡ್ತಿದಾರೆ. ಒಂದು ಸುಕ್ಕು ಕಂಡ್ರೂ ವಾಪಸ್ ಕಳಿಸೋ ಜನ. ನೀನೂ ಗಿಡ್ಡಿನೂ ಮಾಡಿ, ನೋಡೋಣ. ಸರಿ ಬಂದ್ರೆ ಮೇಜು ನಿನ್ನದೇ. ಬರ್ಲಿಲ್ಲ ಅಂದ್ರೆ ಕೌಂಟರು. ಬೇಜಾರು ಮಾಡ್ಕೋಬಾರ್ದು."

ಉದ್ದಕ್ಕ ತನ್ನ ಹಳೆಯ ಜಾಗದಲ್ಲಿ ನಿಂತಳು. ಬಿಸಿ ಬಟ್ಟೆಯ ವಾಸನೆಗೆ ಕಣ್ಣು ಒದ್ದೆಯಾಯಿತು. "ಹಾ" ಎಂದಳು. ಎರಡೂ ಕೈ ಮೇಲೆದ್ದವು. ಗಿಡ್ಡಿ "ಹೂಂ" ಎಂದಳು. ಉದ್ದಕ್ಕ ಎಳೆದಳು. ಬಟ್ಟೆ ಫಟ್ ಎನ್ನಲಿಲ್ಲ. ಎಷ್ಟೋ ದಿನವಾಯಿತಲ್ಲ, ಕೈ ಹೊಂದಿಕೊಳ್ಳಬೇಕು ಎಂದುಕೊಂಡಳು. ಆ ದಿನದ ಬಟ್ಟೆಯ ಗಂಟು ಮುಗಿಯುವವರೆಗೂ ಅದು ಫಟ್ ಎನ್ನಲೇ ಇಲ್ಲ. ಗಿಡ್ಡಿ ಮಾತ್ರ ಪ್ರತಿ ಬೆಡ್‌ಶೀಟಿಗೂ "ಭೇಷ್ ಅತ್ಗೆ, ಭೇಷ್!" ಎನ್ನುತ್ತಿದ್ದಳು.

ಗಂಟು ಹೋಟೆಲಿಗೆ ಹೋಯಿತು, ಹೋದಂತೆಯೇ ವಾಪಸ್ ಬಂತು. ಗಂಡ ಅದನ್ನು ವ್ಯಾನಿನ ಹಿಂದಿನ ಸೀಟಿನ ಕೆಳಗೆ ತುರುಕಿ, ಹಲ್ಲು ಕಿರಿಯುತ್ತಾ ಇಳಿದ. ಅವನಿಗೆ ಸುಳ್ಳು ಹೇಳಲು ಬಂದಿದ್ದರೆ ಯಾವಾಗಲೋ ಉದ್ಧಾರವಾಗಿರುತ್ತಿದ್ದ. ಉದ್ದಕ್ಕ ಅವನ ಮುಖ ನೋಡಿ, ನೇರ ಹೋಗಿ ಗಂಟು ಹೊರಗೆಳೆದಳು. ಬೆಡ್‌ಶೀಟುಗಳ ಮೈಮೇಲೆಲ್ಲ ಸುಕ್ಕು. ಮಾಲೀಕರು ಬೈಯಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು. ಮೆಲ್ಲಗೆ ಕೌಂಟರಿನ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು, ಅಷ್ಟೆ.

ಆ ಸಂಜೆ ಅವಳು ನಡೆಯಲು ಹೋಗಲಿಲ್ಲ, ಗೋಡೆಯ ಹತ್ತಿರವೂ ಸುಳಿಯಲಿಲ್ಲ. ಒರಗುಕುರ್ಚಿಯಲ್ಲಿ ಕೂತು, ಎಲ್ಲ ಮುಗಿಯಿತು ಅತ್ತೆ, ನನ್ನ ಕೈ ಸತ್ತುಹೋಗಿದೆ ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತೆ ಎದ್ದು ಹೋಗಿ, ತನ್ನ ಹಾಸಿಗೆಯ ಬೆಡ್‌ಶೀಟನ್ನೇ ಸರ್ರನೆ ಕಿತ್ತು ತಂದು ಎರಡು ಮೂಲೆಯನ್ನು ಸೊಸೆಯ ಮಡಿಲಿಗೆ ಎಸೆದಳು.

"ಏಳು. ಹಿಡಿ."

"ಬೇಡ ಅತ್ತೆ."

"ಅಳೋದು ಆಮೇಲೂ ಅಳಬಹುದು. ಹಿಡಿ ಅಂದೆ!"

ಉದ್ದಕ್ಕ ಮೂಗು ಒರೆಸಿಕೊಂಡು ಎದ್ದಳು. ಹಾ. ಹೂಂ. ಅತ್ತೆಗೆ ಅಷ್ಟು ವರ್ಷ ಮೇಜಿನಿಂದ ದೂರವಿದ್ದ ಸಿಟ್ಟಿತ್ತು, ಸೊಸೆಯ ಅಳುವಿನ ಮೇಲೂ ಸಿಟ್ಟಿತ್ತು. ಅದನ್ನೆಲ್ಲ ಸೇರಿಸಿ ಅವಳು ಜಗ್ಗಿದಳು. ಉದ್ದಕ್ಕ ಮುಗ್ಗರಿಸುವಂತಾಗಿ, ಕಾಲೂರಿ, ತಾನೂ ಜಗ್ಗಿದಳು. ಬಟ್ಟೆ ಫಟ್ ಎಂದಿತು. ಇನ್ನೊಮ್ಮೆ ಮಾಡಿದರು. ಇನ್ನೊಮ್ಮೆ ಫಟ್!

ಮಡಿಸಿದ ಬಟ್ಟೆಯ ಮೇಲೆ ಅತ್ತೆ ಅಂಗೈ ಆಡಿಸಿದಳು. ಎಲ್ಲೂ ತಡೆಯಲಿಲ್ಲ.

"ನಿನ್ನ ಕೈಗೆ ಏನೂ ಆಗಿಲ್ಲ ಕಣೆ. ಆ ತುದಿ ಹಿಡಿದೋಳು ಎಳೀಲಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದ ಮಗಳು, ನನಗೆ ಗೊತ್ತಿಲ್ವಾ ಅವಳ ಬುದ್ಧಿ? ಚಿಕ್ಕೋಳಿದ್ದಾಗ ಗಾಯ ನೋಡಿದ್ರೆ ಗಾಯ ಆದೋರಿಗಿಂತ ಮೊದ್ಲು ಅವಳೇ ಅಳೋಳು."

ಉದ್ದಕ್ಕನಿಗೆ ಆಗ ಹೊಳೆಯಿತು. ಹೌದಲ್ಲ! ಆ ದಿನವೆಲ್ಲ 'ಹೂಂ' ಎಂಬ ಸದ್ದು ಬಂದಿತ್ತು, ಎಳೆತ ಬಂದಿರಲಿಲ್ಲ. ತಾನು ಎಳೆದಾಗಲೆಲ್ಲ ಆ ತುದಿ ಮೆತ್ತಗೆ ತನ್ನ ಹಿಂದೆಯೇ ಬರುತ್ತಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೂ ಒಂದು ಖುಷಿ ಇತ್ತು, ಏಕೆಂದರೆ ಎಷ್ಟೋ ತಿಂಗಳಿಂದ ಅವಳಿಗೆ ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೇ ಇರಲಿಲ್ಲ.

ರಾತ್ರಿ ಗಿಡ್ಡಿ ಮನೆಗೆ ಬಂದಾಗ ಅವಳು ಮುಖ ತಿರುಗಿಸಿ ಮಲಗಿಬಿಟ್ಟಳು. ಮಾರನೆಯ ಬೆಳಿಗ್ಗೆ ಕೌಂಟರನ್ನು ದಾಟಿ ನೇರ ಮೇಜಿಗೆ ಹೋದಳು. ಗಿಡ್ಡಿ ಉದ್ದಕ್ಕನ ಜಾಗಕ್ಕೆ ಬಂದಿದ್ದ ಬದಲಿಯವಳ ಜೊತೆ ಮಡಿಸುತ್ತಿದ್ದಳು. ಫಟ್, ಫಟ್ ಎನ್ನುತ್ತಿತ್ತು ಬಟ್ಟೆ.

"ಇವಳ ಜೊತೆ ಎಳೆಯೋಕೆ ಬರುತ್ತೆ. ನನ್ನ ಜೊತೆ ಯಾಕೆ ಎಳೀಲಿಲ್ಲ?"

ಗಿಡ್ಡಿಯ ಮುಖ ಬಿಳಿಚಿತು. "ಎಳೆದೆನಲ್ಲ ಅತ್ಗೆ..."

"ಸುಳ್ಳು ಬೊಗಳ್ಬೇಡ. ಬೆಡ್‌ಶೀಟು ವಾಪಸ್ ಬಂದಿದ್ದು ನನ್ನ ಕೈಯಿಂದಲ್ಲ, ನಿನ್ನ ಕೈಯಿಂದ."

ಉರುಳೆಯ ಹತ್ತಿರದವರೆಲ್ಲ ಕತ್ತು ಚಾಚಿದರು. ಮಾಲೀಕರು ಬಾಗಿಲಿಗೆ ಬಂದು ನಿಂತರು. ಗಿಡ್ಡಿ ಬೆಡ್‌ಶೀಟನ್ನು ಎದೆಗವುಚಿಕೊಂಡು ತುಟಿ ಕಚ್ಚಿದಳು. "ನಾನು ಎಳೆದು ನಿಮ್ಮ ಹೊಲಿಗೆ ಬಿಚ್ಚಿಹೋದ್ರೆ?"

"ಗಾಯ ಮಾಗಿ ಎಷ್ಟು ಕಾಲ ಆಯ್ತು! ಹೊಲಿಗೆ ಬಿಚ್ಚೋಕೆ ನಾನೇನು ದಿಂಬಿನ ಕವರಾ?"

ಯಾರೋ ನಕ್ಕರು. ಗಿಡ್ಡಿ ನಗಲಿಲ್ಲ. ಅವಳ ಕಣ್ಣಿಂದ ದಳದಳ ನೀರು ಸುರಿಯಿತು. "ಆಪರೇಷನ್ ಆದ ದಿನ ನಿಮ್ಮನ್ನ ನೋಡ್ದೆ ಅತ್ಗೆ. ನಿಮ್ಮ ಮೈಯಿಂದ ಆ ಟ್ಯೂಬು... ನೀವು ಹೋಗ್ಬಿಡ್ತೀರಿ ಅಂತ ಅಂದ್ಕೊಂಡೆ. ಯಾರಿಗೂ ಹೇಳಿಲ್ಲ. ಈಗ್ಲೂ ಬಟ್ಟೆ ಹಿಡಿದಾಗೆಲ್ಲ ಅದೇ ಕಣ್ಣಿಗೆ ಬರುತ್ತೆ. ಕೈಯೇ ಬರಲ್ಲ ನನಗೆ."

ಉದ್ದಕ್ಕನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವಳು ಮಂಡಿ ಬಾಗಿಸಿ ನಾದಿನಿಯ ಮುಖಕ್ಕೆ ಮುಖ ತಂದಳು. "ಹೋಗಿಲ್ಲವಲ್ಲ. ನೋಡು, ಇಲ್ಲೇ ಇದೀನಿ."

"ಹೂಂ."

"ನೀನು ಎಳೀದೇ ಹೋದ್ರೆ ನಾನು ಇದ್ದೂ ಇಲ್ಲದ ಹಾಗೆ ಕಣೆ. ಕುರ್ಚಿ ಮೇಲೆ ಕೂತ ಫೋಟೋ ಥರ. ನಾನು ಇದೀನಿ ಅನ್ನೋದಾದ್ರೆ ಎಳಿ."

ಗಿಡ್ಡಿ ಮೂಗು ಸೊರಗುಟ್ಟಿಸಿ, ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಬದಲಿಯವಳು ತಾನಾಗಿಯೇ ಪಕ್ಕಕ್ಕೆ ಸರಿದಳು. ಉರುಳೆಯಿಂದ ಹಬೆಯಾಡುತ್ತಾ ಒಂದು ಬೆಡ್‌ಶೀಟು ಬಂತು. ಇಬ್ಬರೂ ಮೂಲೆ ಹಿಡಿದರು. ಒಬ್ಬಳು ಮಂಡಿ ತುಸು ಮಡಿಸಿದಳು, ಇನ್ನೊಬ್ಬಳು ಹಿಮ್ಮಡಿ ತುಸು ಎತ್ತಿದಳು.

"ಹಾ," ಎಂದಳು ಉದ್ದಕ್ಕ.

ಗಿಡ್ಡಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. "ಹೂಂ!"

ಬಟ್ಟೆ ಫಟ್ ಎಂದಿತು. ಕೌಂಟರಿನವರೆಗೂ ಕೇಳಿಸಿತು. ಗಿಡ್ಡಿ ಒಂದು ಕಣ್ಣು ತೆರೆದು ನೋಡಿದಳು, ಅತ್ತಿಗೆ ನಿಂತಿದ್ದಳು, ನಗುತ್ತಿದ್ದಳು. ಆಮೇಲೆ ಇನ್ನೊಂದು ಬೆಡ್‌ಶೀಟು, ಆಮೇಲೆ ಮತ್ತೊಂದು. ಮಾಲೀಕರು ಬಂದು ಮಡಿಸಿಟ್ಟ ಬಟ್ಟೆಯ ಮೇಲೆ ಕೈಯಾಡಿಸಿ, ಕೌಂಟರಿನ ಕುರ್ಚಿಯನ್ನು ತಾವೇ ಎತ್ತಿ ಒಳಗಿಟ್ಟು ಬಂದರು. ಮೇಜಿನ ಮೇಲೆ ಹರಟೆ ಶುರುವಾಯಿತು. ಅಮ್ಮ ಗೋಡೆ ಹತ್ತುತ್ತಿರುವ ಕಥೆಯನ್ನು ಮತ್ತೊಮ್ಮೆ ಕೇಳಿ ಗಿಡ್ಡಿ ಬಿದ್ದು ಬಿದ್ದು ನಕ್ಕಳು.

ಟೀ ಹೊತ್ತು ಹತ್ತಿರವಾದಾಗ ಅವಳು ಬಟ್ಟೆ ಬಿಟ್ಟು ಮಣಿಕಟ್ಟು ಉಜ್ಜಿಕೊಂಡಳು. "ಅತ್ಗೆ, ಸ್ವಲ್ಪ ಮೆಲ್ಲಗೆ ಎಳೀರಿ. ನನ್ನ ಕೈ ನೋಯ್ತಿದೆ."

"ಹಾ," ಎಂದು ಉದ್ದಕ್ಕ ಮುಂದಿನ ಬೆಡ್‌ಶೀಟಿನ ಮೂಲೆಗಳನ್ನು ಮೇಲೆತ್ತಿದಳು.